ಕಂಬಕ್ಕೆ ಹೇಳಿದ ಮಾತು

ಶಿವಗಂಗಮ್ಮ ಗಂಡನ ಜೊತೆ ಮಾತಾಡುತ್ತಿದ್ದುದು ಕಂಬದ ಮೂಲಕ.

ನ್ಯಾಮತಿಯಿಂದ ಮೂರು ಮೈಲಿ, ಸೂರಗೊಂಡನಕೊಪ್ಪದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ಹಳ್ಳಿ ಅವರದು. ಮನೆಯಲ್ಲಿ ಅಡುಗೆಮನೆಗೂ ಪಡಸಾಲೆಗೂ ನಡುವೆ ಹೊನ್ನೆ ಮರದ ಒಂದು ಕಂಬವಿತ್ತು. ಊಟಕ್ಕೆ ಕೂತ ಹಾಲಸ್ವಾಮಿಯ ತಟ್ಟೆಗೆ ರೊಟ್ಟಿ ಹಾಕಿದ ಮೇಲೆ ಅವಳು ಆ ಕಂಬಕ್ಕೆ ಒರಗಿ ನಿಂತು, ಅದರ ಕಡೆಗೇ ಮುಖ ಮಾಡಿ ಹೇಳುವಳು: "ಅಡುಗೆಮನ್ಯಾಗೆ ಹೊಗೆ ತಡಕಳಾಕೆ ಆಗ್ತಿಲ್ಲಪ್ಪ. ಪೂರ್ವದ ಗೋಡೆಗೆ ಒಂದು ಕಿಟಕಿ ಇದ್ದಿದ್ರೆ..."

ಹಾಲಸ್ವಾಮಿ ತಲೆಯೆತ್ತದೆ ರೊಟ್ಟಿ ಮುರಿಯುತ್ತಿರುವನು. ಕೇಳಿಸಿತೆಂದೂ ಇಲ್ಲ, ಇಲ್ಲವೆಂದೂ ಇಲ್ಲ. ಮಾತು ಅಲ್ಲಿಗೆ ಮುಗಿಯಿತು. ವಾರ ಬಿಟ್ಟು ಅವಳು ಮತ್ತೆ ಅದೇ ಕಂಬಕ್ಕೆ ಅದೇ ಮಾತನ್ನು ಬೇರೆ ತರಹ ಹೇಳುವಳು. ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವನು ಗೌಂಡಿಯನ್ನು ಕರೆತಂದು ತಾಯಿಯ ಮುಂದೆ ನಿಂತು, "ಅವ್ವಾ, ಇಲ್ಲೊಂದು ಕಿಟಕಿ ಇಟ್ರೆ ಹೆಂಗೆ ಅಂತ ರಾತ್ರಿ ಮಲಗಿದಾಗ ಹೊಳೀತು ನೋಡು" ಎಂದನು. ತಾಯಿ ಅಜ್ಜಮ್ಮ ಸೊಸೆಯ ಕಡೆ ತಿರುಗದೆ, "ನಿನ್ನ ತಲೆ ಬಾಳ ಓಡ್ತೈತೆ ಬಿಡಪ್ಪ" ಎಂದಳು. ಅಜ್ಜಮ್ಮನೂ ತನ್ನ ಕಾಲದಲ್ಲಿ ಅದೇ ಕಂಬಕ್ಕೆ ಒರಗಿದವಳು. ಕಂಬದಲ್ಲಿ ಅವಳ ಭುಜದ ಎತ್ತರಕ್ಕೆ ಒಂದು ನುಣುಪು, ಸೊಸೆಯ ಭುಜದ ಎತ್ತರಕ್ಕೆ ಇನ್ನೊಂದು ನುಣುಪು ಮೂಡಿತ್ತು.

ಆ ಊರಿನಲ್ಲಿ ಹೆಂಡತಿ ಹೇಳಿದ್ದನ್ನು ಮಾಡುವವನಿಗೆ ಕಟ್ಟೆಯ ಮೇಲೆ ಕೂರಲು ಜಾಗ ಸಿಗುತ್ತಿರಲಿಲ್ಲ. ಹಾಗೆಂದು ಹೆಂಡತಿ ಹೇಳಿದ್ದನ್ನು ಮಾಡದೆ ಸಂಸಾರ ನಡೆಯುವುದೂ ಇಲ್ಲ. ಕಂಬ ಇದ್ದದ್ದು ಅದಕ್ಕೆ. ಶಿವಗಂಗಮ್ಮನಿಗೆ ತನ್ನ ಈ ಕಸುಬಿನ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು. ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸಬಾರದು, ಮುಚ್ಚಳ ತೆಗೆದು ತೆಗೆದು ನೋಡಬಾರದು. ಬಚ್ಚಲಿಗೆ ಕಲ್ಲು ಹಾಸಿಸುವುದಕ್ಕೆ ಒಂದು ವರ್ಷ ಹಿಡಿದಿತ್ತು. ಹಿತ್ತಲ ಬಾವಿಗೆ ರಾಟೆ ಹಾಕಿಸುವುದಕ್ಕೆ ಎರಡು ಮಳೆಗಾಲ. ಮಗಳ ಕಿವಿ ಸೋರಿದಾಗ ಮಾತ್ರ ಎರಡೇ ದಿನಕ್ಕೆ ಅವನು ಗಾಡಿ ಕಟ್ಟಿದ್ದ. ಕೆಟ್ಟವನಲ್ಲ ಹಾಲಸ್ವಾಮಿ. ಕೈ ಎತ್ತಿದವನಲ್ಲ, ಕುಡಿದವನಲ್ಲ. ಹೆಂಡತಿಯ ಮಾತಿಗೆ ಹೂಂ ಅನ್ನದವನು, ಅಷ್ಟೇ.

ಆದರೆ ಒಂದು ಮಾತು ಮಾತ್ರ ಮೂರು ವರ್ಷವಾದರೂ ಹೆಪ್ಪಾಗಿರಲಿಲ್ಲ.

ಶಿವಗಂಗಮ್ಮ ಚನ್ನಗಿರಿಯ ಹುಡುಗಿ. ಅವಳಪ್ಪ ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಅಪ್ಪ ನಾಲ್ಕನೇ ತರಗತಿಗೆ ಲೆಕ್ಕ ಹೇಳಿಕೊಡುವಾಗ ಒಂದನೇ ತರಗತಿಯ ಮಕ್ಕಳು ಗಲಾಟೆ ಮಾಡದಂತೆ ಕೂರಿಸಿ, ಮರಳಿನ ಮೇಲೆ ಅವರ ಬೆರಳು ಹಿಡಿದು ತಿದ್ದಿಸುವ ಕೆಲಸ ಇವಳದು. ಏಳನೇ ತರಗತಿ ಪಾಸಾದಳು. ಅರವತ್ತೆಂಟರಲ್ಲಿ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಬೆರಳು ಹಿಡಿಯುವುದಕ್ಕೆ ತನ್ನ ಮಗಳೊಬ್ಬಳು ಸಿಕ್ಕಳು, ಆ ಮಗಳೂ ಶಾಲೆಗೆ ಹೋದಳು. ಎಪ್ಪತ್ತಾರರಲ್ಲಿ ನ್ಯಾಮತಿ ಹತ್ತಿರದ ಒಂದು ಊರಿನಲ್ಲಿ ಬಾಲವಾಡಿ ತೆರೆದರು, ಅಲ್ಲಿ ಪುಟ್ಟ ಮಕ್ಕಳಿಗೆ ಹಾಡು ಕಲಿಸಿ ಉಪ್ಪಿಟ್ಟು ಕೊಡುತ್ತಾರೆ ಎಂದು ಸುದ್ದಿ ಬಂತು. ಅದು ತನಗೇ ಹೇಳಿಮಾಡಿಸಿದ ಕೆಲಸ ಎನಿಸಿತು ಅವಳಿಗೆ. ಅಂದಿನಿಂದ ಕಂಬಕ್ಕೆ ಹೇಳತೊಡಗಿದಳು.

"ಕೂಲಿಗೆ ಹೋದೋರ ಕೂಸುಗಳು ಕೆರೆ ದಂಡ್ಯಾಗೆ ಆಡ್ತಾವೆ, ನೋಡಾಕೆ ಭಯ ಆಗ್ತೈತೆ. ನಮ್ಮೂರಿಗೂ ಒಂದು ಬಾಲವಾಡಿ ಬಂದ್ರೆ... ಏಳನೇ ಕ್ಲಾಸು ಓದಿದ ಹೆಂಗಸ್ರು ಊರಾಗೆ ಎಷ್ಟು ಜನ ಅದಾರೋ, ಏನೋ."

ಎಷ್ಟು ಜನ ಎಂಬುದು ಕಂಬಕ್ಕೂ ಗೊತ್ತಿತ್ತು. ಒಬ್ಬಳೇ.

ಹೀಗಿರುವಾಗ ಎಪ್ಪತ್ತೊಂಬತ್ತರ ಸುಗ್ಗಿ ಮುಗಿದ ಮೇಲೆ, ಒಂದು ದಿನ ಹತ್ತು ಗಂಟೆಯ ಬಸ್ಸಿಗೆ ಹೊನ್ನಾಳಿಯ ಬ್ಲಾಕ್ ಆಫೀಸಿನಿಂದ ಗ್ರಾಮಸೇವಿಕೆ ಬಂದಳು. ಹೆಸರು ಕಸ್ತೂರಮ್ಮ. ಶಿವಗಂಗಮ್ಮನದೇ ವಯಸ್ಸು. ಚೆಲುವೆಯೇನಲ್ಲ, ಹಲ್ಲು ತುಸು ಉಬ್ಬು, ಬಿಸಿಲಿಗೆ ಸುಟ್ಟ ಮುಖ. ಆದರೆ ಮುಂಗೈಗೆ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ, ಕಾಲಿಗೆ ಚರ್ಮದ ಚಪ್ಪಲಿ, ಹೆಗಲಿಗೆ ಚೀಲ. ಹಾಲಸ್ವಾಮಿ ಪಂಚಾಯಿತಿ ಮೆಂಬರಾದ್ದರಿಂದ ನೇರ ಅವನ ಮನೆಗೇ ಬಂದು, ಪಡಸಾಲೆಯ ಕುರ್ಚಿಯಲ್ಲಿ ಕೂತಳು. ಆ ಕುರ್ಚಿಯಲ್ಲಿ ಒಂದು ಹೆಣ್ಣು ಕೂತದ್ದು ಅದೇ ಮೊದಲು. ಶಿವಗಂಗಮ್ಮ ಚಹಾ ಕೊಟ್ಟು ಕಂಬದ ಹಿಂದೆ ನಿಂತಳು.

"ನೋಡ್ರಿ ಹಾಲಸ್ವಾಮಿಯವ್ರೆ," ಎಂದಳು ಕಸ್ತೂರಮ್ಮ.

ಶಿವಗಂಗಮ್ಮನ ಮೈ ಜುಮ್ಮೆಂದಿತು. ಹನ್ನೊಂದು ವರ್ಷದಲ್ಲಿ ಅವಳು ಒಮ್ಮೆಯೂ ಬಾಯಿಗೆ ತಂದುಕೊಳ್ಳದ ಹೆಸರು ಅದು. ಈ ಹೆಂಗಸು ಅದನ್ನು ಅಡಿಕೆ ಹೋಳಿನಂತೆ ಬಾಯಿಗೆ ಹಾಕಿಕೊಂಡಿದ್ದಳು.

"ನಿಮ್ಮೂರಿಗೆ ಬಾಲವಾಡಿ ಮಂಜೂರಾಗೈತೆ. ನಡೆಸಾಕೆ ಏಳನೇ ಕ್ಲಾಸು ಓದಿದ ಹೆಣ್ಮಗಳು ಬೇಕು. ನಿಮ್ಮ ಮನೆಯೋರು ಓದಿದಾರಂತಲ್ರೀ?"

"ಓದಿದಾಳೆ ಅಂತ ಕಾಣ್ತೈತೆ."

"ನಿಮ್ಮಂಥೋರು ಮುಂದೆ ಬಂದ್ರೆ ಊರೋರು ತಾವಾಗೇ ಬರ್ತಾರೆ. ದೊಡ್ಡ ಮನಸಿನೋರು ಊರಿಗೆ ಒಬ್ರಾದ್ರೂ ಇರಬೇಕಲ್ರೀ. ಯುಗಾದಿ ಒಳಗೆ ಹೆಸರು ಬರೆದು ಕೊಡಬೇಕು. ಇಲ್ಲಾಂದ್ರೆ ಪಕ್ಕದ ಹಳ್ಳಿಗೆ ಕೊಡ್ತಾರೆ."

ಹಾಲಸ್ವಾಮಿ ಹೆಗಲ ಮೇಲಿನ ಟವೆಲನ್ನು ಸರಿಪಡಿಸಿಕೊಂಡ. ಬೆನ್ನು ನೆಟ್ಟಗಾಯಿತು. "ಆಗಲಿ ಬಿಡ್ರಿ ಮೇಡಂ. ಅದ್ರಾಗೇನೈತೆ" ಎಂದ.

ಚಹಾ ಇನ್ನೂ ಆರಿರಲಿಲ್ಲ.

ಸಂತೋಷದಿಂದ ಕುಣಿಯಬೇಕಾಗಿತ್ತು ಶಿವಗಂಗಮ್ಮ. ಮೂರು ವರ್ಷ ಕಾದದ್ದು ಕೈಗೆ ಬಂದಿತ್ತು. ಆದರೆ ಅವಳ ಹೊಟ್ಟೆಯೊಳಗೆ ಯಾರೋ ಕೆಂಡ ಸುರಿದಂತಾಯಿತು. ಅಂದರೆ ಇವನಿಗೆ ಕಿವಿ ಕೇಳುತ್ತದೆ. ಮೂರು ವರ್ಷವೂ ಕೇಳುತ್ತಿತ್ತು. ಬೇರೊಬ್ಬಳ ಬಾಯಿಂದ ಬರಲಿ ಎಂದು ಕಾಯುತ್ತಿತ್ತು.

ಕಸ್ತೂರಮ್ಮನನ್ನು ಬಸ್ಸಿನವರೆಗೆ ಬಿಟ್ಟು ಬಂದ ಹಾಲಸ್ವಾಮಿ, "ಏ, ಕೇಳಿಸ್ತೇನು? ಯುಗಾದಿ ಆದಮೇಲೆ ನೀನು ಬಾಲವಾಡಿ ನೋಡ್ಕಬೇಕಂತೆ. ಮೇಡಂ ಹೇಳಿದಾರೆ" ಎಂದ.

ಶಿವಗಂಗಮ್ಮ ಕಂಬ ಬಿಟ್ಟು ಮುಂದೆ ಬಂದಳು. ಗಂಡನ ಮುಖವನ್ನೇ ನೋಡಿದಳು. "ನಾನು ಹೋಗಲ್ಲ" ಎಂದಳು.

ಹನ್ನೊಂದು ವರ್ಷದ ಸಂಸಾರದಲ್ಲಿ ತನ್ನ ಮನಸ್ಸಿನದೆಂದು ಅವಳು ಅವನ ಮುಖಕ್ಕೆ ನೇರವಾಗಿ ಆಡಿದ ಮೊದಲ ಮಾತು ಅದು. ಅದೂ ತನಗೆ ಎಲ್ಲಕ್ಕಿಂತ ಬೇಕಾಗಿದ್ದುದನ್ನು ಬೇಡವೆನ್ನುವ ಮಾತು. ಒಳಗಿನಿಂದ ಅಜ್ಜಮ್ಮ ಕೆಮ್ಮಿದಳು.

ಅಂದಿನಿಂದ ಮನೆಯಲ್ಲಿ "ಮೇಡಂ ಹೇಳಿದಾರೆ" ಎಂಬುದು ಹೆಚ್ಚಾಯಿತು. ಕುಡಿಯುವ ನೀರಿಗೆ ಬಟ್ಟೆ ಕಟ್ಟಿ ಸೋಸಬೇಕು, ಮೇಡಂ ಹೇಳಿದಾರೆ. ನುಗ್ಗೆಸೊಪ್ಪು ಕಣ್ಣಿಗೆ ಒಳ್ಳೇದು, ಮೇಡಂ ಹೇಳಿದಾರೆ. ನುಗ್ಗೆಸೊಪ್ಪಿನ ಪಲ್ಯವನ್ನು ಇಷ್ಟು ವರ್ಷ ತಟ್ಟೆಯ ಅಂಚಿಗೆ ತಳ್ಳುತ್ತಿದ್ದವನು ಈಗ ಎರಡನೇ ಸಲ ಹಾಕಿಸಿಕೊಂಡ. ಶಿವಗಂಗಮ್ಮ ಸೌಟನ್ನು ಪಾತ್ರೆಗೆ ಬಡಿದು ಬಡಿಸಿದಳು.

ಕಸ್ತೂರಮ್ಮ ಮತ್ತೆ ಬರುವ ದಿನ ಹಾಲಸ್ವಾಮಿ ಪೆಟ್ಟಿಗೆಯಿಂದ ಬಿಳಿ ಅಂಗಿ ತೆಗೆದು ಹಾಕಿಕೊಂಡ. ಮದುವೆ ಮುಂಜಿಗಿಂತ ಕಡಿಮೆಯದಕ್ಕೆ ಆ ಅಂಗಿ ಹೊರಗೆ ಬಂದದ್ದಿಲ್ಲ.

"ಯಾರ ಲಗ್ನನಪ್ಪ ಇವತ್ತು?" ಎಂದಳು ಅಜ್ಜಮ್ಮ.

"ದಿನಾ ಹಾಕ್ಕಳ ಅಂಗಿ ಬೆವರು ನಾರ್ತಿತ್ತವ್ವ."

"ಹೌದೇನು? ಮೂವತ್ತೈದು ವರ್ಷದಿಂದ ನಾರ್ತೈತೆ. ಮೂಗು ಇವತ್ತು ಬಂತೇನು ನಿಂಗೆ?"

ಶಿವಗಂಗಮ್ಮನಿಗೆ ನಗು ಬರಲಿಲ್ಲ. ಬೀರುವಿನ ಒಡೆದ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಳು. ಹಲ್ಲು ಉಬ್ಬಿಲ್ಲ. ಬಣ್ಣವೂ ಕಸ್ತೂರಮ್ಮನಿಗಿಂತ ತಿಳಿ. ಹಾಗಾದರೆ ಏನು? ಗಂಡ ಅವಳ ಮೇಲೆ ಆಸೆಪಟ್ಟಿದ್ದರೆ ಜಗಳವಾಡಬಹುದಿತ್ತು, ತವರಿಗೆ ಹೋಗಿ ಕೂರಬಹುದಿತ್ತು. ಇವನು ಪಟ್ಟದ್ದು ಆಸೆಯಲ್ಲ. ಅವಳು ಮಾತಾಡುವಾಗ ತಲೆಯೆತ್ತುತ್ತಾನೆ. ಅಷ್ಟೇ. ಆ ತಲೆಯೆತ್ತುವುದಕ್ಕೆ ಯಾರ ಹತ್ತಿರ ದೂರು ಹೇಳುವುದು?

ಅವಳು ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಸ್ವಲ್ಪ ಹೊತ್ತಿಗೆ ಹಿಂದೆ ಚರ್ಮದ ಚಪ್ಪಲಿಯ ಸದ್ದು ಕೇಳಿಸಿತು.

"ಯಾಕ್ರೀ ಶಿವಗಂಗಮ್ಮನೋರೆ, ಒಲ್ಲೆ ಅಂದ್ರಂತೆ? ನಿಮ್ಮ ಯಜಮಾನ್ರು ಒಪ್ಪಿದಾರೆ."

"ಒಪ್ಪಿದೋರೇ ಹೋಗಿ ಕೂಸುಗಳಿಗೆ ಹಾಡು ಹೇಳಿಕೊಡಲಿ ಬಿಡ್ರಿ."

ಕಸ್ತೂರಮ್ಮ ಬಾವಿಕಟ್ಟೆಯ ಮೇಲೆ ಚೀಲ ಇಟ್ಟಳು. "ನನ್ನ ಮ್ಯಾಲೆ ಸಿಟ್ಟೇನ್ರೀ?"

ಶಿವಗಂಗಮ್ಮ ಹಗ್ಗ ಬಿಟ್ಟಳು. ರಾಟೆ ಗರಗರ ತಿರುಗಿ ಕೊಡ ಕೆಳಗೆ ನೀರಿಗೆ ಬಿತ್ತು. "ಮೂರು ವರ್ಷ ರೀ! ಮೂರು ವರ್ಷ ನಾನು ಹೇಳಿದ್ದು ಇದನ್ನೇ. ನಿಮಗೆ ಒಂದು ಲೋಟ ಚಾ ಕುಡಿಯೋದ್ರಾಗೆ ಹೂಂ ಅಂದ್ರು. ಬಾಯಾಗೆ ಏನು ಬೆಲ್ಲ ಇಟ್ಕಂಡು ಬಂದಿದ್ರಿ?"

"ಮೂರು ವರ್ಷ ಯಾರಿಗೆ ಹೇಳಿದ್ರಿ?"

"ಕಂಬಕ್ಕೆ."

ಶಿವಗಂಗಮ್ಮ ಕೊಡ ಸೇದಿ ಕಟ್ಟೆಯ ಮೇಲಿಟ್ಟಳು. ಈ ಹೆಂಗಸು ನಗುತ್ತಾಳೆ, ಆಗ ಕೊಡದ ನೀರನ್ನು ಮುಖಕ್ಕೇ ಎರಚಬಹುದು ಎಂದು ಕಾದಳು. ಕಸ್ತೂರಮ್ಮ ನಗಲಿಲ್ಲ.

"ನಿಮಗೆ ಕಂಬ ಆದ್ರೂ ಐತಲ್ರೀ," ಎಂದಳು. "ನಮ್ಮದು ತಾರಸಿ ಮನೆ."

ಆಮೇಲೆ ಗಡಿಯಾರ ಬಿಚ್ಚಿಟ್ಟು ಮುಖ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಳ್ಳುತ್ತ ಹೇಳಿದಳು. ಅವಳ ಗಂಡ ಮಹೇಶ್ವರಪ್ಪನದು ಹೊನ್ನಾಳಿಯಲ್ಲಿ ಬಟ್ಟೆ ಅಂಗಡಿ. ಅವಳಿಗೆ ಮುಖ್ಯಸೇವಿಕೆಯಾಗಿ ಬಡ್ತಿ ಕೊಟ್ಟು ಜಗಳೂರಿಗೆ ಹಾಕಿದ್ದಾರೆ. ಯುಗಾದಿ ಆದ ವಾರಕ್ಕೆ ಹೋಗಿ ಸೇರಿಕೊಳ್ಳಬೇಕು. ಅದಕ್ಕಾಗಿ ಎಂಟು ವರ್ಷ ಕಾದಿದ್ದಾಳೆ. "ಇಪ್ಪತ್ತು ಹಳ್ಳಿ ಗಂಡಸ್ರನ್ನ ಒಪ್ಪಿಸ್ತೀನಿ ರೀ. ಮನೆಗೆ ಹೋಗಿ ಜಗಳೂರು ಅಂತ ಬಾಯಿ ಬಿಟ್ರೆ, 'ಅನ್ನ ಹಾಕು' ಅಂತಾರೆ. ಈ ಕೆಲಸಕ್ಕಾದ್ರೂ ಕಳ್ಸಿದ್ದು ನನ್ನ ಮಾತಿಗಲ್ಲ. ಬಿಡಿಒ ಸಾಹೇಬ್ರ ಮನೆಯೋರು ಬಂದು ಹೇಳಿದ್ರು, ಅವತ್ತೇ ಒಪ್ಪಿದ್ರು. ಅವರು ಈಗ ವರ್ಗ ಆಗಿ ಹೋಗ್ಯಾರೆ." ಗಡಿಯಾರ ಮತ್ತೆ ಕಟ್ಟಿಕೊಳ್ಳುತ್ತ ಅಂದಳು: "ನೀವು ಬಂದು ಹೇಳ್ರಿ. ನಿಮ್ಮ ಮಾತು ಕೇಳ್ತಾರೆ."

"ಅವರಿಗೆ ನಾನ್ಯಾರ್ರೀ?"

"ಅದಕ್ಕೇ."

ಶಿವಗಂಗಮ್ಮ ಹೊರಟದ್ದು ಕನಿಕರದಿಂದಲ್ಲ. ಆ ಗಡಿಯಾರದ ಹೆಂಗಸು ತನ್ನ ಮನೆಯಲ್ಲಿ ಹೇಗಿರುತ್ತಾಳೆ, ಅವಳು ಮಾತಾಡಿದಾಗ ಅವಳ ಗಂಡ ತಲೆಯೆತ್ತದೆ ಕೂರುವುದು ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕಾಗಿತ್ತು. ನೋಡಿದರೆ ಹೊಟ್ಟೆ ತಣ್ಣಗಾದೀತು ಎಂದುಕೊಂಡಳು. ಹೊನ್ನಾಳಿಗೆ ಒಬ್ಬಳೇ ಹೋಗಬೇಕೆಂದು ಕಂಬಕ್ಕೆ ಹೇಳಿದ್ದರೆ ಇನ್ನೊಂದು ಮಳೆಗಾಲ ಹಿಡಿಯುತ್ತಿತ್ತು. "ಮೇಡಂ ಬರಾಕೆ ಹೇಳಿದಾರೆ" ಎಂದಳು. ಹಾಲಸ್ವಾಮಿ, "ಹಂಗಾರೆ ಎಂಟರ ಬಸ್ಸಿಗೇ ಹೋಗು" ಎಂದ. ಅದೂ ಚುಚ್ಚಿತು.

ಹೊನ್ನಾಳಿಯ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಬಂದ ಮಹೇಶ್ವರಪ್ಪ ಗುಂಡಗೆ, ಹಣೆ ತುಂಬ ವಿಭೂತಿಯ ಮನುಷ್ಯ. ಕಸ್ತೂರಮ್ಮ ಬಡಿಸುತ್ತ, "ಜಗಳೂರಿಗೆ ಹೋಗೋ ದಿನ ಹತ್ರ ಬಂತು..." ಎಂದಳು. ಅವನು, "ಸಾರಿಗೆ ಉಪ್ಪು ಕಡಿಮೆ ಆಗೈತೆ" ಎಂದ. ನೋಡಬೇಕೆಂದು ಬಂದದ್ದನ್ನು ಶಿವಗಂಗಮ್ಮ ನೋಡಿದಳು. ಒಂದು ಗುಟುಕು ಸುಖವಾಯಿತು. ಆ ಗುಟುಕಿನ ಹಿಂದೆಯೇ ಏನೋ ಕಹಿ ಬಂತು. ಗಡಿಯಾರ ಕಳಚಿದ ಆ ಮುಂಗೈ ತನ್ನ ಮುಂಗೈಯಂತೆಯೇ ಇತ್ತು. ಸೌಟಿನ ಬಿಸಿ ತಾಗಿದ ಕಲೆಗಳು.

ಊಟವಾದ ಮೇಲೆ ಅವಳನ್ನು ಕಬ್ಬಿಣದ ಮಡಚುವ ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿಯಲ್ಲಿ ಕೂತು ಅಭ್ಯಾಸವಿಲ್ಲ. ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕಸ್ತೂರಮ್ಮ ಅಡುಗೆಮನೆಯ ಬಾಗಿಲಿಗೆ ಸರಿದಳು.

"ನೋಡ್ರಿ ಮಹೇಶ್ವರಪ್ಪನವ್ರೆ," ಎಂದಳು ಶಿವಗಂಗಮ್ಮ. ಪರಗಂಡಸಿನ ಹೆಸರು ಇಷ್ಟು ಹಗುರವಾಗಿ ಬಾಯಿಗೆ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. "ನಾನು ನ್ಯಾಮತಿ ಕಡೆ ಹಳ್ಳಿಯಾಕಿ. ನಮ್ಮೂರ ಕಟ್ಟೆ ಮ್ಯಾಲೆ ನಿಮ್ಮ ಮಾತೇ."

"ನನ್ನ ಮಾತಾ?" ಅವನು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದ.

"ಹೂಂನ್ರೀ. ಇಂಥ ಹೆಣ್ಮಗಳನ್ನ ಕೆಲಸಕ್ಕೆ ಕಳ್ಸಿದಾತ ಯಾರೋ ದೊಡ್ಡ ಮನಸಿನಾತ ಇರಬೇಕು ಅಂತಾರೆ. ಈಗ ಜಗಳೂರೋರೂ ಅನ್ನಬೇಕಲ್ರೀ ಆ ಮಾತು."

ಕಟ್ಟೆಯ ಮೇಲೆ ಯಾರೂ ಹಾಗೆ ಅಂದಿರಲಿಲ್ಲ. ಮಹೇಶ್ವರಪ್ಪನ ಬೆನ್ನು ಮಾತ್ರ ನೆಟ್ಟಗಾಯಿತು.

"ಬಯಲುಸೀಮೆ ಅದು. ಕುರಿ ಕಾಯೋರ ನಾಡು. ಒಬ್ಬ ಹೆಂಗಸು ಹೆಂಗೆ..."

"ಕುರಿ ಕಾಯೋರ ಮನ್ಯಾಗೂ ಕೂಸುಗಳು ಇರ್ತಾವಲ್ರೀ. ವಾರಕ್ಕೊಂದ್ಸಲ ಬಸ್ಸು ಹತ್ತಿ ನೀವೇ ಹೋಗಿ ಬರ್ರಿ. ಅಂಗಡಿಗೂ ಶೇಂಗಾ ಬೆಳೆಯೋ ಮಂದಿ ಗುರುತಾಗ್ತಾರೆ."

ಅವನು ಅಡಿಕೆಯನ್ನು ಬಾಯಿಗೆ ಹಾಕಿಕೊಂಡು ಒಂದು ಗಳಿಗೆ ಅಗಿದ. "ಆಗಲಿ ಬಿಡ್ರಮ್ಮ," ಎಂದ. "ಅದ್ರಾಗೇನೈತೆ."

ಹಾಲಸ್ವಾಮಿ ಅಂದದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಶಿವಗಂಗಮ್ಮ ಗೆದ್ದ ಮುಖ ಮಾಡಿಕೊಂಡು ಅಡುಗೆಮನೆಯ ಬಾಗಿಲ ಕಡೆ ತಿರುಗಿದಳು. ಕಸ್ತೂರಮ್ಮ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದಳು. ಆ ಮುಖ ಶಿವಗಂಗಮ್ಮನಿಗೆ ಪರಿಚಯದ್ದು. ಅದನ್ನು ಅವಳು ಬೀರುವಿನ ಒಡೆದ ಕನ್ನಡಿಯಲ್ಲಿ ನೋಡಿದ್ದಳು. ಬೇಕಾದದ್ದು ಸಿಕ್ಕ ಸಂತೋಷ ಅದರಲ್ಲಿ ಎಲ್ಲೋ ಇದ್ದಿರಬಹುದು. ಕಣ್ಣು ಮಾತ್ರ ಉರಿಯುತ್ತಿತ್ತು. ಕಸ್ತೂರಮ್ಮ ಲೋಟವನ್ನು ಕೈಗೆ ಕೊಡಲಿಲ್ಲ. ಕುರ್ಚಿಯ ಪಕ್ಕ ನೆಲದ ಮೇಲೆ ಇಟ್ಟು ಒಳಗೆ ಹೋದಳು.

ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದೇ ಹೋದರು. ಬಸ್ಸು ಬರುವುದು ಕಂಡಾಗ ಕಸ್ತೂರಮ್ಮ ರಸ್ತೆ ನೋಡುತ್ತ ಅಂದಳು: "ಇಷ್ಟು ಬೇಗ ಒಪ್ಪಿಬಿಟ್ರಲ್ರೀ."

"ಹೊಟ್ಟೆ ಉರೀತೈತೇನಕ್ಕ?"

"ಉರೀತೈತೆ. ನಿಮ್ಮನ್ನ ಕರೆಸಿದ್ದು ನಾನೇ. ಆದ್ರೂ ನಿಮ್ಮನ್ನ ನೋಡಾಕೇ ಮನಸಿಲ್ಲ ಈಗ."

"ವಾರ ಹಂಗೇ ಇರ್ತೈತೆ," ಎಂದಳು ಶಿವಗಂಗಮ್ಮ. "ಆಮ್ಯಾಲೂ ಇರ್ತೈತೆ, ಒಸಿ."

ಕಸ್ತೂರಮ್ಮ ಅಳಲಾರದೆ ನಕ್ಕಳು. ಶಿವಗಂಗಮ್ಮ ಬಸ್ಸು ಹತ್ತಿ ಕೂತ ಮೇಲೆ ಚೀಲದಿಂದ ಅಚ್ಚಾದ ಒಂದು ಹಾಳೆ ತೆಗೆದು ಕಿಟಕಿಯೊಳಗೆ ತುರುಕಿದಳು. ಬಾಲವಾಡಿಯ ಅರ್ಜಿ. ಕೆಳಗೆ ಗಂಡನ ಒಪ್ಪಿಗೆಗೆಂದು ಒಂದು ಗೆರೆ ಖಾಲಿಯಿತ್ತು.

ಮನೆಗೆ ಬಂದಾಗ ಹೊತ್ತು ಇನ್ನೂ ಇಳಿದಿರಲಿಲ್ಲ. ಹಾಲಸ್ವಾಮಿ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ. ಯುಗಾದಿಗೆ ನಾಲ್ಕು ದಿನ ಉಳಿದಿತ್ತು. ಶಿವಗಂಗಮ್ಮ ರೊಟ್ಟಿ ಹಾಕಿದಳು. ಕಾಲು ತಾನಾಗಿ ಕಂಬದ ಕಡೆ ನಡೆಯಿತು. ಭುಜ ಆ ನುಣುಪಿಗೆ ತಾಗುವಷ್ಟರಲ್ಲಿ ಅವಳು ನಿಂತಳು. ತಿರುಗಿ ಬಂದು ಅವನ ಎದುರಿಗೆ ನೆಲದ ಮೇಲೆ ಕೂತು, ತಟ್ಟೆಯ ಪಕ್ಕ ಹಾಳೆ ಇಟ್ಟಳು.

"ನಾನು ಬಾಲವಾಡಿಗೆ ಹೋಗ್ತೀನಿ. ಇಲ್ಲಿ ಸೈನು ಹಾಕ್ರಿ."

"ಮೇಡಂ ಏನಾದ್ರೂ ಹೇಳಿದ್ರಾ?"

"ಮೇಡಂ ಹೇಳಿಲ್ಲ. ನಾನು ಹೇಳ್ತಿದೀನಿ."

ಹಾಲಸ್ವಾಮಿಯ ಕೈ ರೊಟ್ಟಿಯ ಮೇಲೇ ನಿಂತಿತು. ಹೆಂಡತಿಯ ಮುಖ ನೋಡಿದ, ಹಾಳೆ ನೋಡಿದ, ತಾಯಿಯ ಕಡೆ ನೋಡಿದ. ಅಜ್ಜಮ್ಮ ಅವರೆಕಾಳು ಹಸನು ಮಾಡುವುದರಲ್ಲಿ ಮುಳುಗಿಹೋದಳು. ಹಾಗೆಲ್ಲ ಹೇಳಿಸಿಕೊಂಡು ಅಭ್ಯಾಸವಿಲ್ಲದ ಗಂಡಸು ಅವನು. ಕಿವಿಯವರೆಗೆ ಕೆಂಪಾದ. ಕೊನೆಗೆ ಮುಖ ತಿರುಗಿಸಿ, ಹೊನ್ನೆ ಮರದ ಕಂಬವನ್ನು ನೋಡಿ ಹೇಳಿದ:

"ಊಟ ಆಗಲಿ. ಕೈ ತೊಳಕಂಡು ಹಾಕ್ತೀನಿ ಅಂತ ಹೇಳು ಆಕಿಗೆ."

ಅಜ್ಜಮ್ಮನ ಮೊರದಿಂದ ಅವರೆಕಾಳು ಚೆಲ್ಲಿ ಪಡಸಾಲೆಯ ತುಂಬ ಉರುಳಿದವು.

ಆ ಬಾಲವಾಡಿಯನ್ನು ಶಿವಗಂಗಮ್ಮ ಎಂಬತ್ತರ ದಶಕವೆಲ್ಲ ನಡೆಸಿದಳು. ಕೆರೆ ದಂಡೆಯ ಕೂಸುಗಳ ಬೆರಳು ಹಿಡಿದು ಮರಳಿನ ಮೇಲೆ ತಿದ್ದಿಸಿದಳು. ಕಸ್ತೂರಮ್ಮ ವರ್ಷಕ್ಕೊಮ್ಮೆ ಜಗಳೂರಿನಿಂದ ಶೇಂಗಾದ ಗಂಟು ಹೊತ್ತು ಬರುತ್ತಿದ್ದಳು. ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಅವಳು ಬರುವ ದಿನ ಹಾಲಸ್ವಾಮಿ ಬಿಳಿ ಅಂಗಿ ಹಾಕಿಕೊಳ್ಳುವುದನ್ನು ಬಿಡಲಿಲ್ಲ. ಅಂಗಿಯ ಗುಂಡಿ ಕಿತ್ತುಹೋಗಿದ್ದರೆ ಶಿವಗಂಗಮ್ಮ ಅದನ್ನು ಹೊಲಿದುಕೊಡುತ್ತಿದ್ದಳು. ಅಂಗಿ ಅವನ ಮೈಮೇಲೆ ಇರುವಾಗಲೇ ಹೊಲಿಯುವಳು. ಒಮ್ಮೊಮ್ಮೆ ಸೂಜಿ ತುಸು ಚುಚ್ಚುತ್ತಿತ್ತು.